ಮಣ್ಣೆತ್ತು ನಡೆದ ಮೂವತ್ತು ಸೆಕೆಂಡು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ತಾಲ್ಲೂಕಿನ ಸುದ್ದಿ ನಮ್ಮ ಪಾಲಿಗಿದೆ. ಶಾಲೆಯ ಸುದ್ದಿ ಅಂತ ನಾವು ಇಷ್ಟು ವರ್ಷ ಬರೆದದ್ದು ಹೆಚ್ಚಾಗಿ ಉದ್ಘಾಟನೆಯ ಸುದ್ದಿಯೇ. ರಿಬ್ಬನ್ ಕತ್ತರಿಸಿದರು, ಸ್ಮಾರ್ಟ್ ಕ್ಲಾಸ್ ಶುರುವಾಯಿತು, ಫೋಟೊ ಹೊಡೆದೆವು, ಮುಗೀತು. ಆ ಪರದೆಯ ಮೇಲೆ ಆಮೇಲೆ ಏನು ಮೂಡಿತು ಅಂತ ತಿರುಗಿ ನೋಡಲು ಹೋದವರಲ್ಲ.

2024ರ ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಶನಿವಾರ. ರಾಮದುರ್ಗ ತಾಲ್ಲೂಕಿನಲ್ಲಿ ಮಲಪ್ರಭೆ ದಂಡೆಯ ಒಂದು ಸರ್ಕಾರಿ ಶಾಲೆಗೆ ಬೇರೆ ಯಾವುದೋ ಸುದ್ದಿಗೆ ಹೋಗಿದ್ದೆವು. ಏಳನೆಯ ತರಗತಿಯ ಬಾಗಿಲು ಹಾಕಿತ್ತು. ಇಣುಕಿದರೆ ಒಳಗಿಂದ ಕೂಗು: "ಸರ, ಬಾಗಲಾ ತಗೀಬ್ಯಾಡ್ರಿ, ಬೆಳಕ ಬದಲಾಕ್ಕೈತಿ!"

ಮಕ್ಕಳು ಮನೆಯಲ್ಲಿ ಪೂಜೆ ಮಾಡಿದ ಮಣ್ಣಿನ ಎತ್ತುಗಳನ್ನೇ ಶಾಲೆಗೆ ತಂದಿದ್ದರು. ಅಕ್ಕೋರ ಮೊಬೈಲು ಎರಡು ಇಟ್ಟಂಗಿಯ ನಡುವೆ ಅಲುಗಾಡದಂತೆ ನಿಂತಿತ್ತು. ಒಬ್ಬ ಹುಡುಗ ಎತ್ತನ್ನು ಅರ್ಧ ಬೆರಳಷ್ಟು ಸರಿಸಿ ಕೈ ತೆಗೆಯುತ್ತಿದ್ದ, ಇನ್ನೊಬ್ಬಳು ಫೋಟೊ ಹೊಡೆಯುತ್ತಿದ್ದಳು. ಮತ್ತೆ ಸರಿಸು, ಮತ್ತೆ ಫೋಟೊ. ಸ್ಟಾಪ್ ಮೋಷನ್ ಸ್ಟುಡಿಯೊ ಎಂಬ ಆ್ಯಪ್ ಈ ಫೋಟೊಗಳನ್ನು ಸಾಲಾಗಿ ಓಡಿಸುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಮಕ್ಕಳ ಲೆಕ್ಕ ಸೆಕೆಂಡಿಗೆ 10. ಮೂವತ್ತು ಸೆಕೆಂಡಿಗೆ 300 ಫೋಟೊ. ಗುಣಾಕಾರ ಅವರಿಗೆ ಅಲ್ಲೇ ಬಾಯಿಪಾಠವಾಗಿತ್ತು.

ಮೊದಲು ಹೊಳೆಗೆ ಅಂತ ಅಕ್ಕೋರು ಹಳೆಯ ನೀಲಿ ಸೀರೆ ತಂದಿದ್ದರಂತೆ. ಮಕ್ಕಳು ಒಪ್ಪಲಿಲ್ಲ. "ಹೊಳಿ ಬಂದಾಗ ನೀರು ನೀಲಿ ಇರೂದಿಲ್ಲರಿ ಅಕ್ಕೋರ, ಕೆಂಪ ಇರತೈತಿ." ನೋಟ್‌ಬುಕ್ಕಿಗೆ ಹಾಕುವ ಖಾಕಿ ಹಾಳೆಯನ್ನು ಉದ್ದುದ್ದ ಹರಿದು, ಒಂದೊಂದು ಫೋಟೊಕ್ಕೂ ಒಂದಿಷ್ಟು ಮೇಲೆ ಸರಿಸಿ ಹೊಳೆ ಏರಿಸಿದ್ದರು. ಆಗ ನಮಗೆ ತಿಳಿಯಿತು, ಇದು ಬರೀ ಎತ್ತಿನ ಕಥೆಯಲ್ಲ. 2019ರ ಆಗಸ್ಟ್ ತಿಂಗಳ ಕಥೆ. ಆಗ ಈ ಮಕ್ಕಳಿಗೆ ಏಳು ವರ್ಷ. ಮಳೆ ಬಿಟ್ಟಿರಲಿಲ್ಲ, ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಿದ್ದರು, ದಂಡೆಯ ಊರುಗಳಿಗೆ ಹೊಳೆ ನುಗ್ಗಿತ್ತು.

ಜಗಳ ಎದ್ದದ್ದು ಎತ್ತು ಏನಾಗಬೇಕು ಅಂತ. ಹುಡುಗರಿಗೆ ಎತ್ತು ಈಜಿ ದಂಡೆ ಸೇರಬೇಕು. ಫೋಟೊ ಹೊಡೆಯುವ ಹುಡುಗಿ ಬೇಡ ಅಂದಳು. "ನಮ್ಮ ಎತ್ತ ಈಜಲಿಲ್ಲ. ಹಗ್ಗ ಬಿಚ್ಚಿರಲಿಲ್ಲ. ರಾತ್ರಿ ನಾವು ಓಡಿ ಬಂದ್ವಿ, ಅದು ಗ್ವಾದ್ಲ್ಯಾಗ ಉಳೀತು."

ತರಗತಿ ಸುಮ್ಮನಾಯಿತು. ನಾವೂ ಸುಮ್ಮನಾದೆವು. ಆ ಊರಿನ ನೆರೆಯ ಸುದ್ದಿ ಬರೆದವರು ನಾವೇ. ರಸ್ತೆ ಕಡಿದುಹೋಗಿದೆ ಅಂತ ದೂರದಿಂದಲೇ ಫೋನ್ ಮಾಡಿ ಕೇಳಿದ್ದೆವು. ಜಾನುವಾರು ಎಲ್ಲಾ ಸುರಕ್ಷಿತ ಅಂತ ಯಾರೋ ಹೇಳಿದ್ದನ್ನು ಹಾಗೇ ಬರೆದಿದ್ದೆವು. ನೀರು ಇಳಿದ ಮೇಲೂ ಹೋಗಿ ಕೇಳಲಿಲ್ಲ, ತಿದ್ದಲಿಲ್ಲ. ಐದು ವರ್ಷದ ಮೇಲೆ ಹನ್ನೆರಡು ವರ್ಷದ ಹುಡುಗಿ ಮಣ್ಣಿನ ಎತ್ತು ಮುಂದಿಟ್ಟುಕೊಂಡು ನಮ್ಮ ಸುದ್ದಿ ತಪ್ಪು ಅಂತ ಹೇಳಿದಳು. ಅದು ನಮಗೆ ಹೇಳಿದ್ದು ಅಂತ ಅವಳಿಗೆ ಗೊತ್ತಿರಲಿಲ್ಲ. ಅವತ್ತು ನಾವೂ ಹೇಳಲಿಲ್ಲ.

ಮುಂದಿನ ಶನಿವಾರ ಮತ್ತೆ ಹೋದೆವು. ಎತ್ತಿನ ಕೊರಳಿಗೆ ದಾರದ ಹಗ್ಗ ಬಂದಿತ್ತು, ಗೂಟಕ್ಕೆ ಬೆಂಕಿಕಡ್ಡಿ. ನೀರು ಏರುವಾಗ ಒಂದು ಫೋಟೊದಲ್ಲಿ ಹುಡುಗನ ಬೆರಳು ಬಿದ್ದಿತ್ತು. ಅಳಿಸಲು ಹೊರಟರೆ ಹುಡುಗಿ ತಡೆದಳು: "ಇರ್ಲಿ ಬಿಡೋ. ಯಾರರ ಬಿಚ್ಚಬೇಕಲ್ಲ." ಆಮೇಲೆ ಅಂಥ ಫೋಟೊ ಇನ್ನೂ ಇಪ್ಪತ್ತು ಬೇಕಂತಲೇ ತೆಗೆದರು. ಸಿನಿಮಾದಲ್ಲಿ ಒಂದು ದೊಡ್ಡ ಬೆರಳು ಬಂದು ಹಗ್ಗ ಬಿಚ್ಚುತ್ತದೆ. ಅವತ್ತು ನಾವು ಅಕ್ಕೋರಿಗೂ ಆ ಹುಡುಗಿಯ ಅಪ್ಪನಿಗೂ ನಮ್ಮ ತಪ್ಪು ಹೇಳಿದೆವು. ಅವರು ಸಿಟ್ಟಾಗಲಿಲ್ಲ. "ಆಗ ಕೇಳಿದ್ರ ಹೇಳ್ತಿದ್ವಿರಿ" ಅಂದರು ಅಷ್ಟೇ.

ಈ ಸುದ್ದಿಯನ್ನು ಕಿತ್ತೂರಿನ ಕಡೆಯ ಒಬ್ಬ ಮಾಸ್ತರರಿಗೆ ಹೇಳಿದೆವು. ಅವರ ಮಕ್ಕಳು ರಟ್ಟಿನ ಕುದುರೆ ಕತ್ತರಿಸಿ 1824ರ ಅಕ್ಟೋಬರ್ 23ರ ಕಾಳಗ ಮಾಡಲು ಕೂತರು. ಚನ್ನಮ್ಮ ರಾಣಿಯ ಮೇಲೆ ಪ್ರಬಂಧ ಬರೆಯುವಾಗ ಏಳದ ಪ್ರಶ್ನೆಗಳು ಆಗ ಎದ್ದವಂತೆ. ಕೋಟೆಯ ಬಾಗಿಲು ತೆರೆದು ದಂಡು ಹೊರಗೆ ನುಗ್ಗಿದ್ದು ಯಾವ ಕಡೆಯಿಂದ? ಥ್ಯಾಕರೆ ನಿಂತದ್ದು ಎಲ್ಲಿ? ಕುದುರೆಯನ್ನು ಎಡಕ್ಕೆ ಸರಿಸಬೇಕೋ ಬಲಕ್ಕೋ ಎಂಬುದು ಗೊತ್ತಿಲ್ಲದೆ ಒಂದು ಫೋಟೊ ಕೂಡ ಮುಂದೆ ಹೋಗುವುದಿಲ್ಲ. ಹಾಗಾಗಿ ಮಕ್ಕಳು ಕೋಟೆಗೇ ಹೋಗಿ ನೋಡಿಬಂದರು.

ನಮ್ಮ ದೇಶದಲ್ಲಿ ಈ ವಿದ್ಯೆ ಕಲಿಸಲು 1956ರಲ್ಲಿ ಡಿಸ್ನಿ ಕಂಪನಿಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಜನ್‌ಗೆ ಬರಬೇಕಾಯಿತು. ಆಗ ಅದು ದೊಡ್ಡ ಕ್ಯಾಮೆರಾದ, ನುರಿತ ಕಲಾವಿದರ ಕೆಲಸ. ಇವತ್ತು ನೀವು ಇದನ್ನು ಓದುತ್ತಿರುವ ಮೊಬೈಲೇ ಸಾಕು. ಬೆರಳಿನಿಂದ ಚಿತ್ರ ಬರೆದು ಓಡಿಸಲು ಫ್ಲಿಪಾಕ್ಲಿಪ್ ಇದೆ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಸ್ಕ್ರ್ಯಾಚ್, ಪೆನ್ಸಿಲ್ 2ಡಿ ಪುಕ್ಕಟೆ ಸಿಗುತ್ತವೆ. ಒಮ್ಮೆ ಹಾಕಿಕೊಂಡರೆ ನೆಟ್ ಬೇಕಿಲ್ಲ. ಮೊಬೈಲು ಅಲುಗಾಡಬಾರದು, ಕಿಟಕಿ ಮುಚ್ಚಿ ಒಂದೇ ಬಲ್ಬಿನ ಬೆಳಕಿರಬೇಕು. ಕರೆಂಟು ಹೋದರೆ ಕಾಯಬೇಕು, ಟಾರ್ಚ್ ಹಚ್ಚಿದರೆ ಬಣ್ಣ ಬದಲಾಗುತ್ತದೆ.

ಲಾಕ್‌ಡೌನ್ ಮುಗಿದ ಮೇಲೆ ಮನೆಯಲ್ಲಿ ಮಕ್ಕಳ ಕೈಯಿಂದ, ಅದರಲ್ಲೂ ಹೆಣ್ಣುಮಕ್ಕಳ ಕೈಯಿಂದ, ಮೊಬೈಲು ಕಸಿದುಕೊಳ್ಳುವುದು ಹೆಚ್ಚಾಗಿದೆ. ಹಿರಿಯರ ಅಂಜಿಕೆ ಸುಳ್ಳಲ್ಲ. ಆದರೆ ನೋಡುವ ಮೊಬೈಲು ಬೇರೆ, ಮಾಡುವ ಮೊಬೈಲು ಬೇರೆ. ಒಂದು ತಾಸು ಪಕ್ಕದಲ್ಲಿ ಕೂತು ನೋಡ್ರಿ, ನಿಮಗೇ ತಿಳಿಯುತ್ತದೆ.

ಆ ಸಿನಿಮಾವನ್ನು ಶಾಲೆಯ ಗೋಡೆಯ ಮೇಲೆ ತೋರಿಸಿದ ದಿನ ಹುಡುಗಿಯ ಅಪ್ಪ ಹಿಂದೆ ನಿಂತು ಎರಡು ಸಲ ಹಾಕಿಸಿ ನೋಡಿದರು. ಹೋಗುವಾಗ ಮಗಳಿಗೆ ಒಂದೇ ಮಾತು ಕೇಳಿದರು: "ನಮ್ಮ ಎತ್ತಿನ ಕೋಡ ಹಿಂಗ ಇದ್ದುವನವ್ವಾ?"

"ಸ್ವಲ್ಪ ಸೊಟ್ಟ ಇದ್ದುವು ಅಪ್ಪಾ," ಅಂದಳು. "ಮುಂದಿನ ಸಲ ಸರಿ ಮಾಡ್ತೀನಿ."