ಸರ್ಪಸುತ್ತು: ಯಾವ ಸರ್ಪ, ಯಾರ ದೋಷ?



ನಾಲ್ಕೈದು ತಿಂಗಳಿಂದ ಬಹಳ ಜನ ಫೋನ್ ಮಾಡಿ ಕೇಳ್ತಿದ್ದೀರಿ. ಏಪ್ರಿಲ್ 14ರ ಮೆರವಣಿಗೆಯಲ್ಲಿ ಯಾಕೆ ಕಾಣಲಿಲ್ಲ, ಕುರುಗೋಡಿನ ಸಭೆಗೆ ಯಾಕೆ ಬರಲಿಲ್ಲ, ಸಂಘಟನೆ ಬಿಟ್ಟುಬಿಟ್ರಾ ಅಂತ. ಒಬ್ಬರಂತೂ ಯಾವ ಪಾರ್ಟಿ ಸೇರಿದ್ರಿ ಅಂತಲೇ ಕೇಳಿದ್ರು. ಯಾವ ಪಾರ್ಟಿನೂ ಸೇರಿಲ್ಲ. ನನಗೆ ಸರ್ಪಸುತ್ತು ಆಗಿತ್ತು. ಹುಣ್ಣು ಮೂರು ವಾರಕ್ಕೆ ಒಣಗಿತು, ನೋವು ಇನ್ನೂ ಪೂರ್ತಿ ಹೋಗಿಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳೋ ಬದಲು ಒಂದೇ ಸಲ ಬರೆದುಬಿಡ್ತೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಫೆಬ್ರವರಿ ಕೊನೆ ವಾರ ಶುರುವಾಗಿದ್ದು. ಎಡಪಕ್ಕೆಯಲ್ಲಿ ಉರಿ. ಮೊದಲ ಎರಡು ದಿನ ಚರ್ಮದ ಮೇಲೆ ಏನೂ ಇಲ್ಲ, ಒಳಗೆ ಮಾತ್ರ ಯಾರೋ ಕಾದ ಕಡ್ಡಿ ಎಳೆದಂಗೆ. ಎಡಗಡೆ ಅಂದಮೇಲೆ ಮನೆಯವಳು ಹೆದರಿ ಇಸಿಜಿ ಮಾಡಿಸಿದಳು. ಹೃದಯ ಚೆನ್ನಾಗಿಯೇ ಇತ್ತು. ಮೂರನೇ ದಿನ ಬೆಳಿಗ್ಗೆ ಸ್ನಾನಕ್ಕೆ ಅಂಗಿ ಬಿಚ್ಚಿದರೆ, ಬೆನ್ನೆಲುಬಿನಿಂದ ಎದೆಯ ಕೆಳಗಿನ ತನಕ ನಾಲ್ಕು ಬೆರಳು ಅಗಲದ ಕೆಂಪು ಪಟ್ಟಿ. ಅದರ ಮೇಲೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆ. ಅವ್ವ ನೋಡಿದ ತಕ್ಷಣ ಹೇಳಿದಳು: "ಯಪ್ಪಾ, ಇದು ಸರ್ಪಸುತ್ತು. ತಲಿ ಬಾಲ ಕೂಡಿದ್ರ ಮನುಷ್ಯ ಉಳಿಯಂಗಿಲ್ಲ." ಅವತ್ತೇ ಮಧ್ಯಾಹ್ನ ಚರ್ಮದ ಡಾಕ್ಟರ ಹತ್ತಿರ ಹೋದ್ವಿ.

ನೋವು ಹೇಗಿತ್ತು ಅಂತ ಕೇಳ್ತೀರಿ. ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸೋಕೆ ಕೂಲಿ ಹೋದವರಿಗೆ ಹೇಳಿದ್ರೆ ಬೇಗ ಅರ್ಥ ಆಗುತ್ತೆ. ಸಂಜೆ ಮನೆಗೆ ಬಂದು ಎಷ್ಟು ಕೈ ತೊಳೆದರೂ ರಾತ್ರಿಯೆಲ್ಲಾ ಬೆರಳು ಉರೀತಾವಲ್ಲ, ಆ ಉರಿ. ಆದರೆ ಇದು ಚರ್ಮದ ಒಳಗಿನದು, ತೊಳೆಯೋಕೆ ಬರಲ್ಲ. ಅದರ ನಡುವೆ ಆಗಾಗ ಕರೆಂಟ್ ಹೊಡೆದಂಗೆ ಒಂದು ಜಗ್ಗು. ಫ್ಯಾನಿನ ಗಾಳಿ ತಾಗಿದರೆ ನೋವು, ಅಂಗಿ ಜಾರಿದರೆ ನೋವು. ಬಳ್ಳಾರಿಯ ಮಾರ್ಚ್ ಬಿಸಿಲು ನಿಮಗೆ ಗೊತ್ತು, ಅಂಥಾದ್ರಲ್ಲಿ ಫ್ಯಾನ್ ಹಾಕಿದ್ರೆ ಅಳು, ತೆಗೆದ್ರೆ ಬೆವರು ಇಳಿದು ಅಳು.

ಡಾಕ್ಟರು ಹೇಳಿದ್ದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಇದಕ್ಕೂ ಹಾವಿಗೂ ಸಂಬಂಧ ಇಲ್ಲ. ಚಿಕ್ಕವರಿದ್ದಾಗ ಮೈಮೇಲೆ ಅಮ್ಮ ಬರುತ್ತಲ್ಲ, ಸೀತಾಳೆ ಸಿಡುಬು, ಅದೇ ವೈರಸ್ಸು ಇದು. ನನಗೆ ಎರಡನೇ ಕ್ಲಾಸಿನಲ್ಲಿ ಬಂದಿತ್ತು, ಅವ್ವ ಬೇವಿನ ಎಲೆ ಹಾಸಿ ಮಲಗಿಸಿದ್ದು ನೆನಪಿದೆ. ಗುಳ್ಳೆ ಒಣಗಿದರೂ ವೈರಸ್ಸು ಮೈ ಬಿಟ್ಟು ಹೋಗಲ್ಲ. ಬೆನ್ನೆಲುಬಿನ ಪಕ್ಕ ನರದ ಬುಡದಲ್ಲಿ ಸುಮ್ಮನೆ ಕೂತಿರುತ್ತೆ, ಇಪ್ಪತ್ತು ವರ್ಷ, ನಲವತ್ತು ವರ್ಷ. ವಯಸ್ಸಾದಾಗ, ಮೈಯಲ್ಲಿ ತಡೆಯೋ ಶಕ್ತಿ ಇಳಿದಾಗ ಎದ್ದು ಒಂದೇ ನರ ಹಿಡಿದು ಚರ್ಮಕ್ಕೆ ಬರುತ್ತೆ. ಇಂಗ್ಲೆಂಡಿನಲ್ಲಿ ಹೋಪ್-ಸಿಂಪ್ಸನ್ ಅಂತ ಒಬ್ಬ ಸಾಮಾನ್ಯ ಕುಟುಂಬ ವೈದ್ಯ, ತನ್ನ ರೋಗಿಗಳನ್ನ ವರ್ಷಗಟ್ಟಲೆ ಗಮನಿಸಿ ಲೆಕ್ಕ ಬರೆದಿಟ್ಟು, 1965ರಲ್ಲಿ ಈ ವಾದ ಮುಂದಿಟ್ಟ.

ನಮ್ಮ ಮೈಯ ನರಗಳು ಬೆನ್ನೆಲುಬಿನಿಂದ ಎಡಕ್ಕೊಂದು ಬಲಕ್ಕೊಂದು ಹೊರಡ್ತಾವೆ. ಎಡದ ನರ ಎದೆಯ ಮಧ್ಯಕ್ಕೆ ಬಂದು ಮುಗೀತದೆ. ಹಾಗಾಗಿ ಆ ಪಟ್ಟಿನೂ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತೆ. ತಲೆ ಬಾಲ ಕೂಡೋ ಪ್ರಶ್ನೆ ಬರೋದು ಬಹಳ ಅಪರೂಪ, ಕೂಡಿದ ಮಾತ್ರಕ್ಕೆ ಸಾಯೋದೂ ಇಲ್ಲ. ಮೈತುಂಬಾ ಹರಡಿದರೆ ಮಾತ್ರ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕು, ದೇಹದ ಶಕ್ತಿ ಬಹಳ ಕುಗ್ಗಿದೆ ಅಂತ ಅರ್ಥ. ಅವ್ವನಿಗೆ ಇದನ್ನ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. "ಹಂಗಾದ್ರ ಅರ್ಧಕ್ಕ ನಿಲ್ತೈತಿ ಅನ್ನು" ಅಂದು ಅವತ್ತು ರಾತ್ರಿ ಊಟ ಮಾಡಿದಳು. ಎರಡು ದಿನದಿಂದ ಉಂಡಿರಲಿಲ್ಲ.

ಆದರೆ ಹೆಸರಿನಲ್ಲಿ ಸರ್ಪ ಇದೆಯಲ್ಲ, ಜನ ಬಿಡ್ತಾರಾ? ಹಾವು ಹೊಡೆದಿದ್ರಾ, ಹುತ್ತ ಕಡಿದಿದ್ರಾ, ನಿಮ್ಮಪ್ಪ ಹೊಡೆದಿರಬಹುದು ನೆನಪು ಮಾಡ್ಕೊಳ್ಳಿ. ಗದ್ದೆಯಲ್ಲಿ ಬರಿಗಾಲಲ್ಲಿ ನಿಂತು ನಾಟಿ ಹಚ್ಚೋ ಜನ ನಾವು, ಹಾವು ಎದುರು ಬಂದರೆ ಏನು ಮಾಡಬೇಕಿತ್ತು? ಘಟ್ಟದ ಕೆಳಗಿನ ಕ್ಷೇತ್ರಕ್ಕೆ ಹೋಗಿ ದೋಷಪರಿಹಾರ ಮಾಡಿಸಿ ಅಂತ ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ, ಓದಿದವರೇ ಹೆಚ್ಚು. ನೋವು ತಿನ್ನೋನಿಗೆ ಪಾಪದ ಲೆಕ್ಕನೂ ಒಪ್ಪಿಸೋದು ಈ ದೇಶಕ್ಕೆ ಹಳೇ ಚಟ.

ಇಲ್ಲೊಂದು ಮಾತು. ಕುರುಗೋಡನ್ನ ಆಳಿದ ಸಿಂದರು ತಮ್ಮದು ನಾಗವಂಶ ಅಂತ ಹೆಮ್ಮೆಯಿಂದ ಹೇಳ್ಕೊಂಡ ಅರಸರು. ಅವರಿಗೆ ನಾಗ ಅಂದ್ರೆ ಕುಲದ ಗೌರವ, ನಮಗೆ ಮಾತ್ರ ದೋಷ. 1956ರ ಅಕ್ಟೋಬರ್ 15ರಂದು ಬಾಬಾಸಾಹೇಬರು ದೀಕ್ಷೆಗೆ ನಾಗಪುರವನ್ನೇ ಯಾಕೆ ಆರಿಸಿದೆ ಅಂತ ವಿವರಿಸ್ತಾ, ಬುದ್ಧನ ಮಾತನ್ನ ಹರಡಿದವರು ನಾಗ ಜನ ಅಂತ ನೆನಪಿಸಿದ್ರು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಬಂಡೆ ಶಾಸನ ಇರೋದು ನಿಮಗೆಲ್ಲ ಗೊತ್ತು. ಗಡಿಯಾಚೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಅವನ ಹದಿನಾಲ್ಕು ಶಾಸನಗಳಿವೆ. ಅದರಲ್ಲಿ ಒಂಬತ್ತನೆಯದನ್ನ ಓದಿ. ಕಾಯಿಲೆ ಬಂದಾಗ, ಮದುವೆಯಾದಾಗ, ಮಗು ಹುಟ್ಟಿದಾಗ ಜನ ಏನೇನೋ ಆಚರಣೆ ಮಾಡ್ತಾರೆ, ಅದರಿಂದ ಸಿಗೋ ಫಲ ಅಷ್ಟಕ್ಕಷ್ಟೆ ಅನ್ನೋ ಅರ್ಥದ ಮಾತಿದೆ ಅಲ್ಲಿ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆಯೇ ಬಂಡೆಗೆ ಕೊರೆಸಿದ್ದನ್ನ ನಮ್ಮ ಆಫೀಸಿನಲ್ಲಿ ಇವತ್ತು ಹೇಳಿದರೆ ಜಗಳ ಆಗುತ್ತೆ.

ನಮ್ಮ ತಾತನಿಗೂ ಸರ್ಪಸುತ್ತು ಆಗಿತ್ತಂತೆ. ಕುರುಗೋಡು ಕಡೆ ಹಳ್ಳಿಯಲ್ಲಿ ಮಂತ್ರ ಹಾಕೋರು ಒಬ್ಬರಿದ್ರು. ಊರೊಳಗಿನವರಿಗೆ ಬೆರಳಿಂದ ಕೆಮ್ಮಣ್ಣು ಹಚ್ಚಿ ಹುಣ್ಣಿನ ಎರಡೂ ಕಡೆ ಹಾವು ಬರೀತಿದ್ರು. ತಾತನಿಗೆ? ದೂರ ನಿಂತು ಉದ್ದ ಕಡ್ಡಿಯ ತುದಿಗೆ ಕೆಮ್ಮಣ್ಣು ಅದ್ದಿ ಬರೆದ್ರಂತೆ. ಗೆರೆ ಸೊಟ್ಟ ಆಗಿ ಕಡ್ಡಿ ಹುಣ್ಣಿಗೇ ಚುಚ್ಚಿತಂತೆ. ಅವ್ವ ಇದನ್ನ ನಗ್ತಾ ಹೇಳ್ತಾಳೆ. ನನಗೆ ಇವತ್ತಿಗೂ ನಗು ಬರಲ್ಲ.

ಅದಕ್ಕೇ ಈ ನೋವಿನಲ್ಲಿ ನನ್ನನ್ನ ಬಹಳ ಕಾಡಿದ್ದು ಬೇರೇನೇ. ಇಪ್ಪತ್ತು ವರ್ಷದಿಂದ ಹೋಟೆಲ್ ಲೋಟದ ಬಗ್ಗೆ, ಗುಡಿ ಮೆಟ್ಟಿಲ ಬಗ್ಗೆ, ಕ್ಷೌರದ ಅಂಗಡಿ ಬಗ್ಗೆ ಭಾಷಣ ಮಾಡಿಕೊಂಡು ಬಂದವನು ನಾನು. ಮುಟ್ಟಿ ಮಾತಾಡಿಸಿ ಅಂತ ಹೇಳಿಕೊಂಡೇ ಬೆಳೆದ ಜನ ನಾವು. ಅಂಥವನು ಮನೆಗೆ ಬಂದವರಿಗೆಲ್ಲ "ಮುಟ್ಟಬೇಡ್ರಪ್ಪಾ, ದೂರ ಕೂತ್ಕೊಳ್ಳಿ" ಅಂತಿದ್ದೆ. ಗುಳ್ಳೆ ಇದ್ದಾಗ ಅದರ ನೀರಿನಿಂದ ಸಿಡುಬು ಬರದೇ ಇರೋರಿಗೆ ಸಿಡುಬು ಅಂಟಬಹುದು, ಬಸುರಿಯರು, ಎಳೆ ಮಕ್ಕಳು ಹತ್ತಿರ ಬರಬಾರದು, ಆಗ ಅದು ಸರಿ. ಗುಳ್ಳೆ ಒಣಗಿದ ಮೇಲೆ ಅಂಟು ಇಲ್ಲ, ಆದರೂ ಸ್ಪರ್ಶ ತಡೆಯೋಕಾಗ್ತಿರಲಿಲ್ಲ. ಸಂಜೆ ಆಫೀಸಿನಿಂದ ಬಂದ ಕೂಡ್ಲೇ ಮಗಳು ಓಡಿಬಂದು ಅಪ್ಪಿಕೊಳ್ಳೋಳು. ಕೈ ಅಡ್ಡ ಹಿಡಿದು ತಡೆದೆ. ಎರಡನೇ ವಾರದಿಂದ ಅವಳು ಬಾಗಿಲ ಹತ್ತಿರವೇ ನಿಂತು "ಅಪ್ಪಾ, ಇವತ್ತು ಮುಟ್ಟಬಹುದಾ?" ಅಂತ ಕೇಳೋಳು. ಈ ಮಾತನ್ನ ನನ್ನ ಮನೆಯಲ್ಲಿ, ನನ್ನ ಮಗಳ ಬಾಯಲ್ಲಿ ಕೇಳಬೇಕಾಗುತ್ತೆ ಅಂತ ಅಂದ್ಕೊಂಡಿರಲಿಲ್ಲ. ಕೊನೆಗೆ ಒಂದು ದಾರಿ ಮಾಡಿದೆವು. ಬಲಗಡೆ ಕೂತು ಬಲಗೈ ಹಿಡಿದುಕೊಂಡು ಹೋಂವರ್ಕ್ ಮಾಡೋದು. ಅವಳು ಎಡಗೈಯಲ್ಲಿ ಬರೆಯೋಕೂ ಸ್ವಲ್ಪ ಕಲಿತಳು.

ದಿನ ಹೇಗೆ ಕಳೆದೆ ಅಂತ ಕೇಳೋರಿಗೆ: ಬನಿಯನ್ ಒಳಮೈ ಹೊರಗೆ ಮಾಡಿ ಹಾಕ್ಕೊಂಡೆ, ಹೊಲಿಗೆ ತಾಗಬಾರದು ಅಂತ. ಜೀನ್ಸಿನ ಊರಲ್ಲಿದ್ದುಕೊಂಡು ನಾಲ್ಕು ತಿಂಗಳು ಸಡಿಲ ಪೈಜಾಮವೇ ಗತಿ. ಅವ್ವನ ಹಳೇ ಕಾಟನ್ ಸೀರೆ ಹರಿದು ಪಕ್ಕೆಗೆ ಬಿಗಿಯಾಗಿ ಸುತ್ತಿದರೆ ಆರಾಮ ಅನಿಸ್ತಿತ್ತು. ವಿಚಿತ್ರ ಅಂದ್ರೆ ಹಗುರ ಸ್ಪರ್ಶ ತಡೆಯೋಕಾಗಲ್ಲ, ಗಟ್ಟಿ ಒತ್ತು ತಡೀಬಹುದು. ಒದ್ದೆ ಬಟ್ಟೆ ಹತ್ತು ನಿಮಿಷ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ರಾತ್ರಿ ಹತ್ತಕ್ಕೆ ಎಷ್ಟು ನೋವು ಅಂತ ಅಂಕಿ ಬರೆದಿಟ್ಟೆ, ಕ್ಲರ್ಕ್ ಬುದ್ಧಿ. ಮಾರ್ಚ್‌ನಲ್ಲಿ ಎಲ್ಲಾ 8, 9. ದಿನದಿಂದ ದಿನಕ್ಕೆ ನೋಡಿದ್ರೆ ಏನೂ ಇಳಿದಂಗೆ ಕಾಣಲ್ಲ. ತಿಂಗಳ ಸರಾಸರಿ ತೆಗೆದಾಗಲೇ ಇಳಿದದ್ದು ಗೊತ್ತಾಗಿದ್ದು.

ಸಾದಾ ನೋವಿನ ಮಾತ್ರೆ ಇದಕ್ಕೆ ಹೆಚ್ಚು ಕೆಲಸ ಮಾಡಲ್ಲ. ಇದು ಗಾಯದ ನೋವಲ್ಲ, ಕೆಟ್ಟುಹೋದ ನರ ಸುಳ್ಳು ಸುದ್ದಿ ಕಳಿಸೋದು. ಪ್ರಿಗ್ಯಾಬಲಿನ್ ಕೊಟ್ರು, ಆಮೇಲೆ ರಾತ್ರಿಗೆ ಸಣ್ಣ ಡೋಸಿನಲ್ಲಿ ಅಮಿಟ್ರಿಪ್ಟಿಲಿನ್. ಆ ಪಟ್ಟಿ ನೋಡಿ ಪಕ್ಕದ ಮನೆಯವರು ತಲೆ ಕೆಟ್ಟವರ ಮಾತ್ರೆ ಅಂದ್ರು. ಖಿನ್ನತೆಗೂ ಕೊಡ್ತಾರೆ, ನರದ ನೋವಿಗೂ ಕೊಡ್ತಾರೆ, ಅದರಲ್ಲಿ ನಾಚಿಕೆ ಏನಿದೆ? ತೂಕಡಿಕೆ ಬರ್ತಿತ್ತು, ಆಫೀಸಿನಲ್ಲಿ ಒಂದೊಂದು ಮೊತ್ತ ಮೂರು ಸಲ ಕೂಡಿಸ್ತಿದ್ದೆ. ಮೆಣಸಿನಕಾಯಿಯ ಖಾರದ ಅಂಶದಿಂದಲೇ ಮಾಡಿದ ಮುಲಾಮು ಈ ನೋವಿಗೆ ಇದೆ, ಹುಣ್ಣು ಪೂರ್ತಿ ಮಾಗಿದ ಮೇಲೆ ಹಚ್ಚೋದು ಅಂತ ಡಾಕ್ಟರು ಹೇಳಿದಾಗ ಇಬ್ಬರೂ ನಕ್ಕೆವು. ನನಗೆ ಅದು ಬರೆಯಲಿಲ್ಲ. ನೀವೂ ಅಡುಗೆಮನೆ ಖಾರ ಹಚ್ಚೋಕೆ ಹೋಗಬೇಡಿ ಮತ್ತೆ!

ಹುಣ್ಣು ಕಾಣೋ ತನಕ ಎಲ್ಲರೂ ಅಯ್ಯೋ ಅಂತಾರೆ. ಮಾಗಿದ ಮೇಲೆ? "ಎಲ್ಲಾ ಹೋಗೈತಲ್ಲ, ಇನ್ನೇನು" ಅಂತ ಕೇಳಿದವರು ಮೇಲಿನ ಕುರ್ಚಿಯಲ್ಲಿದ್ರು. ಅಂಗಿ ಎತ್ತಿ ತೋರಿಸಿದ್ರೂ ಕಂದು ಕಲೆ ಬಿಟ್ಟು ಏನೂ ಕಾಣಲ್ಲ. ಡಾಕ್ಟರ ಚೀಟಿಯಲ್ಲಿ ನರದ ನೋವು ಅಂತ ಬರೆಸಿ ತಂದ ಮೇಲೆ ಅರ್ಧ ದಿನದ ರಜೆಗಳು ಮಂಜೂರಾದವು. ಕಾಣದ ನೋವಿಗೆ ಪುರಾವೆ ಕೇಳೋದು ನಮಗೇನು ಹೊಸದಲ್ಲ ಬಿಡಿ.

ನಿದ್ದೆ ಇಲ್ಲದ ರಾತ್ರಿಗಳಲ್ಲಿ ಬಾಬಾಸಾಹೇಬರ ಜೀವನಚರಿತ್ರೆ ತೆಗೆದೆ. ಹಿಂದೆ ಓದಿದ್ದೇ, ಈ ಸಲ ಕಣ್ಣು ಬೇರೆ ಕಡೆ ಹೋಯ್ತು. ನನಗೂ ಶುಗರ್ ಇದೆ, ಅವರಿಗೂ ಇತ್ತು. ಸಂವಿಧಾನದ ಕರಡು ಬರೆಯೋ ಹೊತ್ತಿಗೆ ಕಾಲಿನ ನರಗಳ ನೋವಿಂದ ಅವರಿಗೆ ನಿದ್ದೆ ಬರ್ತಿರಲಿಲ್ಲ. ಚಿಕಿತ್ಸೆಗೆ ಅಂತ ಮುಂಬಯಿಗೆ ಹೋದಾಗಲೇ ಡಾಕ್ಟರ್ ಶಾರದಾ ಕಬೀರ್ ಪರಿಚಯ ಆಗಿದ್ದು, 1948ರ ಏಪ್ರಿಲ್ 15ಕ್ಕೆ ಮದುವೆ ಆಗಿದ್ದು. ಅವರ ಕಾಯಿಲೆ ಬೇರೆ, ನನ್ನದು ಬೇರೆ. ಆದರೆ ಕೋಟು ಹಾಕಿ ಬೆರಳು ಎತ್ತಿ ನಿಂತ ಪ್ರತಿಮೆಯನ್ನೇ ನೋಡಿ ಬೆಳೆದವನಿಗೆ, ರಾತ್ರಿ ಎರಡು ಗಂಟೆಗೆ ಕಾಲು ಹಿಡಿದು ಕೂತ ಮನುಷ್ಯ ಹತ್ತಿರದವನಾದ.

ಮೇ ತಿಂಗಳಲ್ಲಿ ಸಿರುಗುಪ್ಪದಿಂದ ಒಬ್ಬ ಹುಡುಗ ಫೋನ್ ಮಾಡಿದ. ಅವರಮ್ಮನಿಗೆ ಸೊಂಟದ ಹತ್ತಿರ ಸರ್ಪಸುತ್ತು, ಒಂಬತ್ತು ದಿನ ಮಂತ್ರ ಹಾಕಿಸಿದಾರೆ, ಈಗ ಕೀವು ಬಂದೈತೆ ಅಂತ. ಬಸ್ಸಿನಲ್ಲಿ ಬಲಗಡೆ ಕಿಟಕಿ ಪಕ್ಕ ಕೂತು ಹೋದೆ, ಎಡಪಕ್ಕೆಗೆ ಯಾರ ಮೊಳಕೈ ತಗುಲುತ್ತೋ ಅಂತ ಬ್ಯಾಗ್ ಅಡ್ಡ ಇಟ್ಕೊಂಡೆ. ಆ ತಾಯಿ ಕೂಲಿಯವರು. ಹುಣ್ಣಿನ ಮೇಲೆ ಸೀರೆ ಗಂಟು ಕಟ್ಟಿಕೊಂಡೇ ಕೆಲಸಕ್ಕೆ ಹೋಗಿದ್ರು. ನನಗೆ ಅರ್ಧ ದಿನದ ರಜೆಯಾದ್ರೂ ಇತ್ತು, ಅವರಿಗೆ ಕೂತ ದಿನ ಕೂಲಿ ಇಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಮ್ಮ ಕೆಮ್ಮಣ್ಣನ್ನ ನೆನೆಸಿ ನೆನೆಸಿ ತೆಗೆಯೋಕೆ ಅರ್ಧ ಗಂಟೆ ಹಿಡೀತು. "ಅಣ್ಣಾ, ನಾನು ಯಾವ ಹಾವೂ ಹೊಡದಿಲ್ಲ" ಅಂತ ಆ ತಾಯಿ ನನಗೆ ಹೇಳ್ತಾನೇ ಇದ್ರು. ನೋವಿಗಿಂತ ಅದೇ ಅವರಿಗೆ ಹೆಚ್ಚಾಗಿತ್ತು.

ಅದಕ್ಕೇ ಕೇರಿಗಳಲ್ಲಿ ಇಷ್ಟು ಹೇಳಿ. ಒಂದೇ ಪಕ್ಕಕ್ಕೆ ಉರಿ, ಪಟ್ಟಿಯಂಗೆ ಗುಳ್ಳೆ ಕಂಡ್ರೆ 72 ಗಂಟೆಯೊಳಗೆ ವೈರಸ್ಸಿನ ಔಷಧ ಶುರುವಾಗಬೇಕು. ನನಗೆ ಬರೆದದ್ದು ಎಸೈಕ್ಲೊವಿರ್ 800, ದಿನಕ್ಕೆ ಐದು ಸಲ, ಏಳು ದಿನ. ಡಾಕ್ಟರು ಬರೆಯದೆ ನೀವೇ ತಗೋಬೇಡಿ, ಕಿಡ್ನಿ ತೊಂದರೆ ಇರೋರಿಗೆ ಲೆಕ್ಕ ಬೇರೆ. ಹಣೆ, ಕಣ್ಣು, ಮೂಗಿನ ತುದಿಗೆ ಬಂದ್ರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ದೃಷ್ಟಿ ಹೋಗಬಹುದು. ಬೇಗ ಔಷಧ ತಗೊಂಡ್ರೂ ಕೆಲವರಿಗೆ ನೋವು ಉಳಿಯುತ್ತೆ, ನನ್ನಂಗೆ. ಅದು ಯಾರ ತಪ್ಪೂ ಅಲ್ಲ. 50 ದಾಟಿದವರಿಗೆ ಎರಡು ಡೋಸಿನ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗ್ತಿದೆ, ಆದರೆ ದುಡ್ಡಿದ್ದವರಿಗೆ. ಸರ್ಕಾರದ ಉಚಿತ ಪಟ್ಟಿಯಲ್ಲಿ ಅದಿಲ್ಲ, ಸೀತಾಳೆ ಸಿಡುಬಿನ ಲಸಿಕೆಯೂ ಇಲ್ಲ. ಇದರ ಬಗ್ಗೆ ಒಂದು ಮನವಿ ಬರೀತಿದ್ದೀನಿ, ಸಹಿ ಹಾಕೋಕೆ ತಯಾರಾಗಿರಿ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಅಂಕಿ 3. ಕೆಲವು ರಾತ್ರಿ 5ಕ್ಕೆ ಏರುತ್ತೆ. ಸಿರುಗುಪ್ಪದ ತಾಯಿಗೆ ಹುಣ್ಣು ಮಾಗಿದೆ, ಉರಿ ಇದೆ, ಮೊನ್ನೆ ನಾಲ್ಕು ತಾಸು ಒಂದೇ ಸಮ ನಿದ್ದೆ ಬಂತಂತೆ. ಭಾನುವಾರದ ಸಭೆಗೆ ನಾನು ಬರ್ತೀನಿ. ಬಲಗೈ ಕೊಡ್ತೀನಿ, ಗಟ್ಟಿಯಾಗಿ ಹಿಡ್ಕೊಳ್ಳಿ. ಎಡಗಡೆಯಿಂದ ಬಂದು ಬೆನ್ನು ತಟ್ಟೋದು ಮಾತ್ರ ಇನ್ನೊಂದು ತಿಂಗಳು ಬೇಡ.