ಮುನ್ಸಿಪಾಲಿಟಿಯ ಒಂದು ಸಾಲು

ಕಳೆದ ಮಳೆಗಾಲದಲ್ಲಿ ಅಪ್ಪಯ್ಯ ವಂಶವೃಕ್ಷ ಬರೆಯಲು ಕೂತರು. ಎಪ್ಪತ್ತೇಳು ವರ್ಷ, ಮಂಡಿನೋವು, ತೋಟಕ್ಕೆ ಇಳಿಯಲಾಗುವುದಿಲ್ಲ. ಇನ್ನೂರು ಪುಟದ ನೋಟ್ ಪುಸ್ತಕ ತರಿಸಿಕೊಂಡು, ಸ್ಕೇಲ್ ಇಟ್ಟು ಗೆರೆ ಎಳೆದು, ಒಬ್ಬೊಬ್ಬರ ಹೆಸರು, ಹುಟ್ಟಿದ್ದು, ತೀರಿಹೋದದ್ದು ಎಂದು ತುಂಬುತ್ತಾ ಹೋದರು. ಅವರ ಒಡಹುಟ್ಟಿದವರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಒಂದು ಸಾಲು ಮಾತ್ರ ಖಾಲಿ ಉಳಿಯಿತು. ಅಲ್ಲಿ ‘ಹೆಣ್ಣು, ಕೊಚ್ಚಿಯಲ್ಲಿ ಹೋದದ್ದು’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

ಒಂದು ರಾತ್ರಿ ಫೋನ್ ಬಂತು. “ಮಾಣಿ, ನೀನ್ ಕೊಚ್ಚಿಯಲ್ಲೇ ಇಪ್ಪುದಲ್ದಾ? ಅಲ್ಲಿ ಮುನ್ಸಿಪಾಲಿಟಿಯಲ್ಲಿ ಹಳೀ ಪುಸ್ತಕ ಎಲ್ಲ ಇತ್ತಾ, ಒಂಚೂರು ಕೇಂಡ್ ಕಾಣ್.”

ಅಜ್ಜಯ್ಯ ಕುಂದಾಪುರದ ಕಡೆಯಿಂದ ಕೊಚ್ಚಿಗೆ ಹೋಗಿ ಮಟ್ಟಾಂಚೇರಿಯ ಬಜಾರಿನ ಒಂದು ಹೋಟೆಲಿನಲ್ಲಿ ಅಡಿಗೆಗೆ ನಿಂತವರು. ಹೋದದ್ದು 1940ರ ಆಸುಪಾಸು, ವಾಪಸು ಬಂದದ್ದು ಯುದ್ಧ ಮುಗಿದ ಮೇಲೆ. ಅಪ್ಪಯ್ಯ ಹುಟ್ಟಿದ್ದು ಆಮೇಲೆ, ಊರಿನಲ್ಲಿ. ಕೊಚ್ಚಿಯಲ್ಲಿ ಹುಟ್ಟಿ ಕೊಚ್ಚಿಯಲ್ಲೇ ತೀರಿಹೋದ ಆ ಮಗುವಿನ ಬಗ್ಗೆ ಅಜ್ಜಿ ಜೀವಮಾನದಲ್ಲಿ ಎರಡು ಮಾತು ಆಡಿದ್ದರೆ ಹೆಚ್ಚು. ಸ್ವಭಾನು ಸಂವತ್ಸರ, ಆಸಾಡಿ ತಿಂಗಳು, ಬಿಡದ ಮಳೆ. ಅಷ್ಟೇ. ಅಷ್ಟು ಸಣ್ಣ ಮಕ್ಕಳಿಗೆ ತಿಥಿ, ಶ್ರಾದ್ಧ ಎಂದೇನಿಲ್ಲವಾದ್ದರಿಂದ ತಾರೀಖು ನೆನಪಿಡುವ ಕಾರಣವೂ ಮನೆಯಲ್ಲಿ ಯಾರಿಗೂ ಇರಲಿಲ್ಲ. “ಶಾಸ್ತ್ರಕ್ಕೆ ಬೇಡ, ನಂಗೆ ಬೇಕು” ಅಂದರು ಅಪ್ಪಯ್ಯ.

ನಾನು ಕಾಕ್ಕನಾಡಿನಲ್ಲಿ ಕೂತು ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಗಡುವು ಕಾಯುವವನು. ಹುಡುಕಿಕೊಡುವುದು ಸುಲಭ ಅಂದುಕೊಂಡೆ. ಕೇರಳದಲ್ಲಿ ಈಗ ಜನನ ಮರಣ ಪತ್ರ ಫೋನಿನಲ್ಲೇ ಸಿಗುತ್ತದೆ. 2024ರ ಜನವರಿ 1ರಂದು ಕೆ-ಸ್ಮಾರ್ಟ್ ವ್ಯವಸ್ಥೆ ಉದ್ಘಾಟನೆಯಾದದ್ದೇ ಕೊಚ್ಚಿಯಲ್ಲಿ. ಆದರೆ ಎಂಬತ್ತು ವರ್ಷ ಹಿಂದಿನ ಸಾವನ್ನು ಹೆಸರಿಲ್ಲದೆ, ತಾರೀಖಿಲ್ಲದೆ ಯಾವ ಆ್ಯಪಿನಲ್ಲಿ ಹುಡುಕುವುದು? ಕಚೇರಿಗೇ ಹೋದೆ. ಅಲ್ಲಿದ್ದವರು ಕೇಳಿದ ಮೊದಲ ಪ್ರಶ್ನೆಗೇ ನಾನು ತಬ್ಬಿಬ್ಬಾದೆ: “ಯಾವ ಮುನ್ಸಿಪಾಲಿಟಿ?”

ಕೊಚ್ಚಿ ಅಂದರೆ ಆಗ ಒಂದು ಊರಾಗಿರಲಿಲ್ಲ. ಬೆಂಗಳೂರಿನವರಿಗೆ ಇದು ಬೇಗ ಅರ್ಥವಾದೀತು. ಪೇಟೆ ಒಂದು, ದಂಡು ಇನ್ನೊಂದು. 1862ರಿಂದ ಎರಡಕ್ಕೂ ಬೇರೆ ಬೇರೆ ಮುನ್ಸಿಪಲ್ ಮಂಡಳಿ. ಒಂದು ಮೈಸೂರು ಸಂಸ್ಥಾನದ್ದು, ಇನ್ನೊಂದು ಬ್ರಿಟಿಷರದ್ದಾಗಿ ನಡೆದು 1949ರಲ್ಲಿ ಎರಡೂ ಸೇರಿ ಒಂದು ಕಾರ್ಪೊರೇಷನ್ ಆಯಿತು. ಬೆಂಗಳೂರಿಗೆ ಎರಡು, ಕೊಚ್ಚಿಗೆ ಮೂರು. ಫೋರ್ಟ್ ಕೊಚ್ಚಿ ಬ್ರಿಟಿಷರದ್ದು, ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದು, 1866ರಷ್ಟು ಹಿಂದೆಯೇ ಮುನ್ಸಿಪಾಲಿಟಿ ಆದದ್ದು. ಅದಕ್ಕೆ ಅಂಟಿಕೊಂಡ ಮಟ್ಟಾಂಚೇರಿಯೂ ಹಿನ್ನೀರಿನ ಆಚೆಯ ಎರ್ನಾಕುಲಂ ಕೂಡ ಕೊಚ್ಚಿ ಮಹಾರಾಜರವು. 1896ರಲ್ಲಿ ಎರಡಕ್ಕೂ ಪುರಸಭೆ ಬಂತು. ಈ ಮೂರನ್ನೂ ಸುತ್ತಲಿನ ಕೆಲವು ಪಂಚಾಯತಿಗಳನ್ನೂ ಕೂಡಿಸಿ ಕೊಚ್ಚಿ ಕಾರ್ಪೊರೇಷನ್ ಮಾಡಿದ್ದು 1967ರ ನವೆಂಬರ್ 1ರಂದು.

ಇದರಲ್ಲೊಂದು ತಮಾಷೆ ಇದೆ. ಕುಂದಾಪುರವೂ ಆಗ ಮದ್ರಾಸ್ ಪ್ರಾಂತ್ಯ, ದಕ್ಷಿಣ ಕನ್ನಡ ಜಿಲ್ಲೆ. ಅಂದರೆ ಅಜ್ಜಯ್ಯ ಮಟ್ಟಾಂಚೇರಿಯ ಒಲೆಯ ಮುಂದೆ ನಿಂತಾಗ ಪರರಾಜ್ಯದಲ್ಲಿದ್ದರು. ಸಂಜೆ ಗಾಳಿಗೆಂದು ಫೋರ್ಟ್ ಕೊಚ್ಚಿಯ ಕಡಲತಡಿಗೆ ನಡೆದರೆ ತಮ್ಮದೇ ಪ್ರಾಂತ್ಯಕ್ಕೆ ಬಂದಹಾಗೆ. ನಡುವೆ ಇದ್ದದ್ದು ಕೆಲವು ಬೀದಿ. ಆ ಬೀದಿಗಳಲ್ಲಿ ಇವರ ಬಾಡಿಗೆ ಕೋಣೆ ಯಾವ ಕಡೆಗಿತ್ತು ಎನ್ನುವುದು ಅಪ್ಪಯ್ಯನಿಗೂ ಗೊತ್ತಿರಲಿಲ್ಲ.

ಹೀಗೆ ನಾನು ಹಳೆಯ ಮುನ್ಸಿಪಾಲಿಟಿಗಳ ಬೆನ್ನು ಹತ್ತಿದೆ. ಕೆಲಸದ ಮೇಲೆ ತಿಂಗಳಿಗೊಮ್ಮೆ ತಿರುವನಂತಪುರಕ್ಕೆ ಹೋಗುವುದಿದೆ. ನನ್ನ ಮೊದಲ ನೌಕರಿಯೂ ಅಲ್ಲೇ, ಟೆಕ್ನೋಪಾರ್ಕಿನಲ್ಲಿ. ಆ ದಿನಗಳಲ್ಲಿ ಪಾಳಯಂನ ಸ್ಟೇಟ್ ಸೆಂಟ್ರಲ್ ಲೈಬ್ರರಿಯ ಮುಂದಿನಿಂದ ನೂರು ಸಲ ಬಸ್ಸಿನಲ್ಲಿ ಹೋಗಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. 1829ರಲ್ಲಿ ಶುರುವಾದ ಗ್ರಂಥಾಲಯ ಅದು. ಈ ಸಲ ಮೀಟಿಂಗ್ ಮುಗಿಸಿ ಅಲ್ಲಿ ಹೋಗಿ ಕೂತು ಹಳೆಯ ಕಾಯಿದೆಗಳನ್ನು ಓದಿದೆ. ಫೋರ್ಟ್ ಕೊಚ್ಚಿಗೆ 1920ರ ಮದ್ರಾಸ್ ಜಿಲ್ಲಾ ಮುನ್ಸಿಪಾಲಿಟಿ ಕಾಯಿದೆ. ಮಟ್ಟಾಂಚೇರಿ, ಎರ್ನಾಕುಲಂಗೆ ಕೊಲ್ಲಂ ವರ್ಷ 1113ರ, ಅಂದರೆ 1937–38ರ ಕೊಚ್ಚಿ ಮುನ್ಸಿಪಲ್ ಕಾಯಿದೆ. ತಿರುವಾಂಕೂರಿನ ಪಟ್ಟಣಗಳಿಗೆ 1116ರದ್ದು. ರಾಜಧಾನಿಯಾದ ತಿರುವನಂತಪುರಕ್ಕೆ ಅದೇ ವರ್ಷ ಪ್ರತ್ಯೇಕ ಕಾಯಿದೆ. ಆ ಊರು ಕಾರ್ಪೊರೇಷನ್ ಆದದ್ದು 1940ರ ಅಕ್ಟೋಬರ್ 30ಕ್ಕೆ.

ಕಾಯಿದೆ ಪುಸ್ತಕ ಯಾರಿಗೂ ರುಚಿಸುವ ಓದಲ್ಲ. ಆದರೆ ದಿನಕ್ಕೆ ನಾಲ್ಕು ಮೀಟಿಂಗ್ ಮಾಡುವ ನನ್ನಂಥವನಿಗೆ ಅದರಲ್ಲಿ ಪರಿಚಿತ ಮುಖಗಳು ಕಂಡವು. ಸಭೆಗೆ ಮೊದಲೇ ಸದಸ್ಯರ ಕೈಗೆ ವಿಷಯಪಟ್ಟಿ ಹೋಗಬೇಕು. ಕೋರಂ ಇರಬೇಕು. ಆದ ನಿರ್ಣಯ ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು, ಪ್ರತಿ ಸರ್ಕಾರಕ್ಕೆ ಹೋಗಬೇಕು, ಸರ್ಕಾರ ಬೇಡವೆಂದರೆ ನಿರ್ಣಯ ಅಲ್ಲಿಗೇ ರದ್ದು. ಚರ್ಚೆಗೆ ಬರುವುದಾದರೂ ಏನು? ಬೀದಿದೀಪ, ಚರಂಡಿ, ಮಾರುಕಟ್ಟೆಯ ಗುತ್ತಿಗೆ, ಮನೆ ತೆರಿಗೆ, ವೃತ್ತಿ ತೆರಿಗೆ, ಗಾಡಿ ತೆರಿಗೆ, ಸಿಡುಬಿನ ಚುಚ್ಚುಮದ್ದು, ಸ್ಮಶಾನ. ತಿರುವಾಂಕೂರಿನಲ್ಲಿ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ದಿವಾನರಾಗಿದ್ದ ಕಾಲ ಅದು. ರಾಜ್ಯದ ದೊಡ್ಡ ವಿಷಯಗಳಲ್ಲಿ ಜನರ ಮಾತಿಗೆ ಹೆಚ್ಚು ಜಾಗವಿರಲಿಲ್ಲ. ನಲ್ಲಿ, ದೀಪ, ಚರಂಡಿಯ ಮಾತಿಗಾದರೂ ಇಲ್ಲೊಂದು ಮೇಜಿತ್ತು. ತಿರುವನಂತಪುರಕ್ಕೆ ಅರುವಿಕ್ಕರದಿಂದ ಕೊಳವೆ ನೀರು ಬಂದದ್ದು 1933ರಲ್ಲಿ. ನಾನು ಬ್ರಹ್ಮಚಾರಿಯಾಗಿ ಅಲ್ಲಿದ್ದಾಗ ಬಾಡಿಗೆ ಮನೆಯ ನಲ್ಲಿಗೆ ನೀರು ಬಾರದಿದ್ದರೆ ಮನೆ ಮಾಲಿಕರು ಇಂದಿಗೂ ‘ಅರುವಿಕ್ಕರದಲ್ಲಿ ಏನೋ ಆಗಿದೆ’ ಎನ್ನುತ್ತಿದ್ದರು.

ಅಜ್ಜಯ್ಯನ ಬದುಕಿಗೆ ಈ ಕಾಯಿದೆ ತಾಗುವ ಒಂದು ಜಾಗವಂತೂ ಇದೆ: ಹೋಟೆಲಿಗೆ ಮುನ್ಸಿಪಾಲಿಟಿಯ ಲೈಸೆನ್ಸು ಬೇಕು. ಕೇರಳದಲ್ಲಿ ಈ ಬಗೆಯ ಪರವಾನಗಿಗೆ ಬಹಳ ಕಾಲ ‘ಡಿ ಆ್ಯಂಡ್ ಓ ಲೈಸೆನ್ಸ್’ ಎಂದೇ ಹೆಸರಿತ್ತು. ಬಿಡಿಸಿದರೆ, ಅಪಾಯಕಾರಿ ಮತ್ತು ಅಸಹ್ಯಕಾರಿ ವ್ಯಾಪಾರದ ಪರವಾನಗಿ. ಚರ್ಮ ಹದ ಮಾಡುವುದು, ಮದ್ದಿನ ಸಂಗ್ರಹ, ಸುಣ್ಣದ ಭಟ್ಟಿಯ ಸಾಲಿನಲ್ಲೇ ನಮ್ಮ ಇಡ್ಲಿ ಸಾಂಬಾರೂ ಕೂತಿದೆ. ಇದನ್ನು ಹೇಳಿದಾಗ ಅಪ್ಪಯ್ಯ ಫೋನಿನಲ್ಲಿ ತುಂಬಾ ಹೊತ್ತು ನಕ್ಕರು. “ಅಪ್ಪಯ್ಯನ ಸಾಂಬಾರ್ ಕುಡ್ದವ್ರ್ ಯಾರೋ ಬರ್ದದ್ದಾಯ್ಕ್” ಅಂದರು.

ನಗುವ ವಿಷಯಗಳಷ್ಟೇ ಇರಲಿಲ್ಲ. ಸ್ವಾತಂತ್ರ್ಯಕ್ಕೆ ಮೊದಲು ಮದ್ರಾಸ್ ಪ್ರಾಂತ್ಯದ ಮುನ್ಸಿಪಾಲಿಟಿಗಳಲ್ಲಿ ಮತದ ಹಕ್ಕು ಆಸ್ತಿ, ತೆರಿಗೆಗೆ ಅಂಟಿಕೊಂಡಿತ್ತು. ತೆರಿಗೆ ಕಟ್ಟುವವನಿಗೆ ಮತ, ಮತ ಇದ್ದವನ ಬೀದಿಗೆ ಮೊದಲು ದೀಪ. ಊರಿನ ಮಲವನ್ನು ಬಕೆಟ್ಟಿನಲ್ಲಿ ಹೊತ್ತು ಸಾಗಿಸುವವನು ಮುನ್ಸಿಪಾಲಿಟಿಯ ನೌಕರ, ಆದರೆ ಆ ಸಭೆಯ ಮೇಜಿನ ಹತ್ತಿರಕ್ಕೆ ಅವನು ಬರುವಂತಿಲ್ಲ. ಕೊಚ್ಚಿಯಿಂದ ತಿರುವನಂತಪುರಕ್ಕೆ ರೈಲಿನಲ್ಲಿ ಹೋಗುವಾಗ ನಡುವೆ ಆಲಪ್ಪುಳ ಸಿಗುತ್ತದೆ. ತಗಳಿ ಶಿವಶಂಕರ ಪಿಳ್ಳೆಯವರ ‘ತೋಟ್ಟಿಯುಡೆ ಮಗನ್’ ಕಾದಂಬರಿ ಆ ಊರಿನ ಮುನ್ಸಿಪಾಲಿಟಿಯ ಮೂರು ತಲೆಮಾರಿನ ಜಾಡಮಾಲಿಗಳ ಕಥೆ. ಅದು ಪ್ರಕಟವಾದದ್ದು 1947ರಲ್ಲಿ, ಅಪ್ಪಯ್ಯ ಹುಟ್ಟಿದ ವರ್ಷ. ನಮ್ಮಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸುವ ಆದೇಶ ಬರಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಬೇಕಾಯಿತು. ಹಳೆಯ ಪುರಸಭೆಗಳ ಶಿಸ್ತನ್ನು ಹೊಗಳಲು ಬಾಯಿ ತೆರೆದಾಗೆಲ್ಲ ನನಗೆ ಈ ಬಕೆಟ್ಟು ನೆನಪಾಗುತ್ತದೆ.

ಅಜ್ಜಯ್ಯನಿಗೆ ಆಸ್ತಿ ಇಲ್ಲ, ತೆರಿಗೆ ಇಲ್ಲ, ಆ ಊರಿನ ಭಾಷೆಯೂ ಸರಿಯಾಗಿ ಬಾರದು. ಹಾಗಿದ್ದ ಮೇಲೆ ಅವರ ಮಗುವಿನ ಸಾವನ್ನು ಯಾರು ಬರೆದಿಟ್ಟಿರುತ್ತಾರೆ? ನನಗೇ ನಂಬಿಕೆ ಇರಲಿಲ್ಲ. ಕಂಪನಿಯಲ್ಲಿ ಎಂಟು ವರ್ಷ ಹಿಂದಿನ ಟಿಕೆಟ್ ಒಂದನ್ನು ತೆಗೆದುಕೊಡಿ ಅಂದರೆ ನನ್ನ ತಂಡಕ್ಕೆ ಆಗುವುದಿಲ್ಲ. ಅಷ್ಟರಲ್ಲಿ ಎರಡು ಸಲ ಸಾಫ್ಟ್‌ವೇರ್ ಬದಲಾಯಿಸಿ, ಹಳೆಯದು ‘ಮೈಗ್ರೇಟ್ ಆಗಲಿಲ್ಲ’ ಎಂದು ಬರೆದು ಕೈತೊಳೆದುಕೊಂಡಿದ್ದೇವೆ. ಆ ಮೈಲಿಗೆ ನಾನೇ ಒಪ್ಪಿಗೆ ಕೊಟ್ಟಿದ್ದೆ.

ಮೊದಲು ಫೋರ್ಟ್ ಕೊಚ್ಚಿಯ ಪುಸ್ತಕಗಳಲ್ಲಿ ಹುಡುಕಿಸಿದೆ. ಸಿಗಲಿಲ್ಲ. ಮಟ್ಟಾಂಚೇರಿಯ ಪುಸ್ತಕಗಳಿಗೆ ಅರ್ಜಿ ಕೊಟ್ಟೆ. ಕೌಂಟರಿನ ಚೇಚಿ ವರ್ಷ ಕೇಳಿದರು. ಸ್ವಭಾನು ಅಂದರೆ ಅವರಿಗೇನು ಗೊತ್ತು? 1943–44 ಅಂದೆ. “ಕೊಲ್ಲಂ ವರ್ಷ ಹೇಳಿ, ತಿಂಗಳು ಹೇಳಿ” ಅಂದರು. ಅಲ್ಲಿ ಆಸಾಡಿ ಕೈಹಿಡಿಯಿತು. ನಮ್ಮ ಕಡೆಯದೂ ಕೇರಳದ್ದೂ ಸೌರಮಾನದ ತಿಂಗಳುಗಳೇ. ನಮ್ಮ ಆಸಾಡಿ, ತುಳುವರ ಆಟಿ, ಇವರ ಕರ್ಕಿಡಕಂ ಎಲ್ಲ ಒಂದೇ ಕರ್ಕಾಟಕ ಮಾಸ. ಅದೇ ಮಳೆ, ಅದೇ ಹಸಿವಿನ ತಿಂಗಳು. ಕೊಲ್ಲಂ ವರ್ಷ ಸಿಂಹಮಾಸಕ್ಕೆ ಬದಲಾಗುವುದರಿಂದ ಅದು 1118ರ ಕೊನೆಯ ತಿಂಗಳು. ಚೇಚಿ ಮೊದಲ ಬಾರಿ ನನ್ನ ಮುಖ ನೋಡಿದರು. “ನಿಮ್ಮಲ್ಲೂ ಕರ್ಕಿಡಕಂ ಇದೆಯಾ?” ಅಂದರು.

ಎರಡು ವಾರ ಬಿಟ್ಟು ಬರಲು ಹೇಳಿದರು. ಹೋದಾಗ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಅಂಚು ಪುಡಿಯಾದ, ಗೆದ್ದಲು ಅಲ್ಲಲ್ಲಿ ದಾರಿ ಕೊರೆದ ಉದ್ದನೆಯ ಹಾಳೆ. ಕರ್ಕಿಡಕಂ ತಿಂಗಳೊಂದಕ್ಕೇ ಪುಟಗಟ್ಟಲೆ ಸಾಲುಗಳು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿದ ಮೇಲೆ ಕೊಚ್ಚಿ, ತಿರುವಾಂಕೂರಿಗೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಹಿಂದೆಯೇ ಕಾಲರಾ ಬಂತು. ಅದನ್ನು ಓದಿ ತಿಳಿದಿದ್ದೆ; ಆ ಪುಟಗಳನ್ನು ನೋಡುವುದು ಬೇರೆ. ಒಂದೇ ಕೈಬರಹ, ಒಂದೇ ಅಳತೆಯ ಅಕ್ಷರ, ಸಾಲಿನಿಂದ ಸಾಲಿಗೆ. ಆ ಗುಮಾಸ್ತನಿಗೂ ಮನೆ, ಮಕ್ಕಳು, ರೇಷನ್ನಿನ ಚಿಂತೆ ಇದ್ದಿರಬೇಕು.

ಚೇಚಿ ಬೆರಳಿಟ್ಟು ತೋರಿಸಿದರು. ಕರ್ಕಿಡಕಂ 9. ಇಂಗ್ಲಿಷ್ ಲೆಕ್ಕದಲ್ಲಿ 1943ರ ಜುಲೈ ಕೊನೆಯ ವಾರ. ಹೆಣ್ಣು. ಒಂದು ವರ್ಷ ಎಂಟು ತಿಂಗಳು. ತಂದೆಯ ಹೆಸರು, ಮಲಯಾಳಂ ಕಿವಿಗೆ ಕೇಳಿಸಿದಂತೆ ಕೊಂಚ ತಿರುಚಿ. ಕಸುಬು, ಹೋಟೆಲ್ ಕೆಲಸ. ಕಾರಣ, ಜ್ವರ. ಮಾಹಿತಿ ಕೊಟ್ಟವರ ಸಹಿಯ ಜಾಗದಲ್ಲಿ ಆ ಪುಟದಲ್ಲೆಲ್ಲ ಮಲಯಾಳಂ ಸಹಿ ಅಥವಾ ಹೆಬ್ಬೆಟ್ಟು. ಈ ಒಂದು ಸಾಲಿನಲ್ಲಿ ಮಾತ್ರ ಕನ್ನಡ. ದುಂಡಗಿನ, ನಿಧಾನವಾಗಿ ಬರೆದ ಅಕ್ಷರ. ಅಜ್ಜಯ್ಯನ ಕೈಬರಹವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

“ಹೆಸರು ಸರಿಯಾಗೇ ಬರೆದಿದ್ದಾರೆ” ಅಂದರು ಚೇಚಿ. “ಈ ಹೆಸರನ್ನು ನಾವು ತಪ್ಪು ಬರೆಯುವುದುಂಟೇ?”

ಮೂಕಾಂಬಿಕಾ.

ನಾನು ಪಕ್ಕದ ಬೆಂಚಿನ ಮೇಲೆ ಕೂತೆ. ಅಪ್ಪಯ್ಯನ ತಂಗಿ, ನನ್ನ ಅತ್ತೆ, ಊರಿಗೆಲ್ಲ ಮೂಕಾಂಬು. ಅವರಿಗೀಗ ಎಪ್ಪತ್ತೆರಡು. ಕೊಲ್ಲೂರಿಗೆ ಹರಕೆ ಹೊತ್ತು ಹುಟ್ಟಿದವಳು ಎಂದೇ ನಾವೆಲ್ಲ ತಿಳಿದಿದ್ದೆವು.

ಹೊರಗೆ ಬಂದು ಫೋನ್ ಮಾಡಿದೆ. ತಾರೀಖು ಹೇಳಿದೆ, ವಯಸ್ಸು ಹೇಳಿದೆ, ಹೆಸರು ಹೇಳಿದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಮಳೆಯ ಸದ್ದು ಮಾತ್ರ ಕೇಳುತ್ತಿತ್ತು.

“ಅಮ್ಮ ಮೂಕಾಂಬುನ್ನ ಕರೆಯುವಾಗ ಒಂದೊಂದ್ ಸಲ ಕರ್ದು ಸುಮ್ನೆ ನಿಂತ್‌ಬಿಡ್ತಿದ್ರ್,” ಅಂದರು ಅಪ್ಪಯ್ಯ. “ಎಂತಕ್ಕೆ ಕರ್ದದ್ದು ಅಂತ ಮರ್ತ್ ಹೋಯ್ತೇನೋ ಅಂದ್ಕಂಡಿದ್ದೆ.”

ಆಮೇಲೆ ಕೇಳಿದರು, ಅಜ್ಜಯ್ಯ ಅಷ್ಟು ಮಳೆಯಲ್ಲಿ ಆಫೀಸಿಗೆ ಹೋಗಿ ಯಾಕೆ ಬರೆಸಿದರು ಎಂದು. ನನಗೂ ಹೊಳೆದಿರಲಿಲ್ಲ. ರೇಷನ್ನಿನ ಲೆಕ್ಕದಿಂದ ತೆಗೆಸಲಿಕ್ಕಾಗಿ ಇರಬಹುದು ಅಂದೆ. “ಇರ್ಲಿ,” ಅಂದರು. “ಯಾವ್ದಕ್ಕಾರೂ ಇರ್ಲಿ. ಹೋಯ್ ಬರ್ಸಿದ್ರಲೆ.”

ಆ ವಾರ ನನ್ನ ಪ್ರಾಜೆಕ್ಟಿನ ಹಳೆಯ ಸರ್ವರ್ ಮುಚ್ಚುವ ಮೀಟಿಂಗ್ ಇತ್ತು. ಹಳೆಯ ದೂರುಗಳ ದಾಖಲೆ ಬೇಕಾ, ಅಳಿಸಬಹುದಾ ಎಂದು ಕೇಳಿದರು. ಎಲ್ಲವನ್ನೂ ತೆಗೆದಿಟ್ಟ ಮೇಲೆಯೇ ಮುಚ್ಚಿ ಅಂದೆ. ಖರ್ಚು ಯಾವ ಲೆಕ್ಕಕ್ಕೆ ಹಾಕುವುದು ಎಂಬ ಪ್ರಶ್ನೆ ಬಂತು. ಅದಕ್ಕಿನ್ನೂ ನಾನು ಉತ್ತರ ಕೊಟ್ಟಿಲ್ಲ.

ಭಾನುವಾರ ಅಪ್ಪಯ್ಯ ವಾಟ್ಸಾಪಿನಲ್ಲಿ ನೋಟ್ ಪುಸ್ತಕದ ಪುಟದ ಫೋಟೊ ಕಳಿಸಿದರು. ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಬಿಳಿ ಕಾಗದದ ತುಂಡು ಅಂಟಿಸಿ ಬರೆದಿದ್ದಾರೆ: ಮೂಕಾಂಬಿಕಾ, ಸ್ವಭಾನು, ಕರ್ಕಾಟಕ 9, ಮಟ್ಟಾಂಚೇರಿ. ನಾಲ್ಕು ಸಾಲು ಕೆಳಗೆ ಇನ್ನೊಬ್ಬಳು ಮೂಕಾಂಬಿಕಾ. ಜ್ವರ ಎಂದಿದ್ದದ್ದನ್ನು ಅವರು ಬರೆದಿರಲಿಲ್ಲ.