ಇಪ್ಪತ್ತೈದಕ್ಕೂ ಮೂವತ್ತಕ್ಕೂ ನಡುವೆ

ಅಮೆರಿಕದಲ್ಲಿರುವ ಮಗಳಿಗೆ ಚಟ್ನಿಪುಡಿ ಕಳಿಸುವುದು ಸುಲಭ. ಅವಳ ಮದುವೆಯ ಚಿತ್ರ ಕಳಿಸುವುದು ಕಷ್ಟ. ಈ ಮಾತಿಗೆ ವಾಚಕರು ನಗಬಹುದು. ಆದರೆ ವೀಡಿಯೊ ಕ್ಯಾಸೆಟ್ಟಿನ ಕಾಲವನ್ನು ಕಂಡ ಹಿರಿಯರು ನಗಲಾರರು. ಇಲ್ಲಿ ಸೊಗಸಾಗಿ ಓಡುತ್ತಿದ್ದ ಕ್ಯಾಸೆಟ್ಟು ಅಲ್ಲಿನ ಯಂತ್ರವನ್ನು ಹೊಕ್ಕೊಡನೆ ಬಣ್ಣಗೆಟ್ಟು, ಚಿತ್ರವೆಲ್ಲ ಉರುಳಿ, ಮದುಮಗಳ ತಲೆ ಕೆಳಗೂ ಕಾಲು ಮೇಲೂ ಕಂಡ ಅನುಭವ ಎಷ್ಟೋ ಮನೆಗಳಲ್ಲಿ ಉಂಟು.

ಪುಣೆಯ ನಮ್ಮ ಮನೆಯಲ್ಲಿ ಈ ವಿಷಯ ದಿನವೂ ಊಟದ ಹೊತ್ತಿಗೆ ಬರುತ್ತದೆ. ನಾವು ಹಗಲೆಲ್ಲ ಸರಕಾರಿ ಕಚೇರಿಯಲ್ಲಿ ಗುಮಾಸ್ತೆಗಿರಿ ಮಾಡುವವರು. ತಮ್ಮನದು ವೀಡಿಯೊ ಕೆಲಸ. ಹೊರದೇಶದ ಗಿರಾಕಿಗಳಿಗೆ ಚಿತ್ರ ತೆಗೆದು ಕಳಿಸುತ್ತಾನೆ. ಸಂಜೆ ಅವನ ಪತ್ರಗಳಿಗೆ ಇಂಗ್ಲಿಷಿನ ಉಡುಪು ತೊಡಿಸುವುದು ಬಿ.ಎ. ಪಾಸಾದ ನಮ್ಮ ಪಾಲಿನ ಸೇವೆ. ಸಂಬಳವಿಲ್ಲ, ಕಾಫಿ ಉಂಟು.

ಈ ತೊಡಕಿಗೆಲ್ಲ ಮೂಲ ವಿದ್ಯುಚ್ಛಕ್ತಿ. ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತದ್ದು. ನಮ್ಮದೂ ಯುರೋಪಿನದೂ 50. ಆದಿಯಲ್ಲಿ ಟೆಲಿವಿಷನ್ ಚಿತ್ರವನ್ನು ಕರೆಂಟಿನ ತಾಳಕ್ಕೇ ಹೊಂದಿಸಿದರು. 1941ರಲ್ಲಿ ಅಮೆರಿಕ ಎನ್.ಟಿ.ಎಸ್.ಸಿ. ಪದ್ಧತಿಯನ್ನು ಒಪ್ಪಿ, 525 ಗೆರೆ, ಸೆಕೆಂಡಿಗೆ 30 ಚಿತ್ರ ಎಂದು ಗೊತ್ತುಮಾಡಿತು. 1953ರಲ್ಲಿ ಬಣ್ಣ ಸೇರಿಸುವಾಗ, ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದನ್ನೊಂದು ಕೆಡಿಸದಿರಲೆಂದು 30 ಅನ್ನು ಕೂದಲೆಳೆಯಷ್ಟು ಇಳಿಸಿ 29.97 ಮಾಡಿದರು. ಜರ್ಮನಿಯ ವಾಲ್ಟರ್ ಬ್ರುಖ್ 1960ರ ದಶಕದ ಆರಂಭದಲ್ಲಿ ರೂಪಿಸಿದ ಪಾಲ್ ಪದ್ಧತಿ 625 ಗೆರೆ, 25 ಚಿತ್ರಗಳ ಲೆಕ್ಕಕ್ಕೆ ಹೊಂದಿತು. 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷ, ಭಾರತದ ದೂರದರ್ಶನಕ್ಕೆ ಬಣ್ಣ ಬಂದಾಗ ನಾವೂ ಪಾಲ್ ಮನೆತನಕ್ಕೆ ಸೇರಿದೆವು. ಜಪಾನಿನದು ಇನ್ನೂ ಸೋಜಿಗ: ಟೋಕಿಯೊ ಕಡೆ ಕರೆಂಟು 50, ಒಸಾಕ ಕಡೆ 60; ಟೆಲಿವಿಷನ್ನಿಗೆ ಮಾತ್ರ ಇಡೀ ದೇಶಕ್ಕೆ ಅಮೆರಿಕದ ಲೆಕ್ಕ!

ಈಗ ಎಲ್ಲವೂ ಡಿಜಿಟಲ್ ಆಯಿತಲ್ಲ ಎನ್ನುವಿರಿ. ನಿಜ. ಅಮೆರಿಕದ ದೊಡ್ಡ ಕೇಂದ್ರಗಳು 2009ರ ಜೂನ್ 12ರಂದು ಹಳೆಯ ಪ್ರಸಾರವನ್ನು ನಿಲ್ಲಿಸಿದುವು. ಗೆರೆಗಳ ಜಗಳ ಮುಗಿದು ಎರಡೂ ಕಡೆ 1080 ಗೆರೆಗಳ ಚಿತ್ರ ಬಂತು. ಆದರೆ 25ರ ಲೆಕ್ಕವೂ 29.97ರ ಲೆಕ್ಕವೂ ಹಾಗೆಯೇ ನಿಂತುವು, ವಾದಿ ಪ್ರತಿವಾದಿಗಳು ಹೋದ ಮೇಲೂ ವ್ಯಾಜ್ಯ ಉಳಿಯುವಂತೆ.

ಇದರಿಂದ ಏನು ಕೆಡುತ್ತದೆ ಎಂಬುದು ನಮಗೆ ಮನದಟ್ಟಾದುದು ಒಬ್ಬ ತಾಯಿಯ ಹಾಡಿನಿಂದ. ಅಮೆರಿಕದಲ್ಲಿರುವ ಕನ್ನಡ ಕುಟುಂಬವೊಂದು ಇಲ್ಲಿದ್ದ ತಮ್ಮ ತಾಯಿಯ ಸಹಸ್ರಚಂದ್ರದರ್ಶನವನ್ನು ತಮ್ಮನಿಂದ ತೆಗೆಸಿತ್ತು. ಆಕೆ ಆರತಿಯ ಹಾಡುಗಳನ್ನು ಹಾಡಿದ್ದರು, ರಂಗೋಲಿ ಎಳೆದಿದ್ದರು. ಅರ್ಧ ಗಂಟೆಯ ಆ ಚಿತ್ರವನ್ನು ಅಲ್ಲಿನ ಸ್ಥಳೀಯ ವಾಹಿನಿಯೊಂದು ಪ್ರಸಾರಮಾಡಲು ಒಪ್ಪಿತ್ತು. ತಮ್ಮ 25ರ ಲೆಕ್ಕದಲ್ಲಿ ಕಳಿಸಿದ. ನಡುವಿನ ಸ್ಟುಡಿಯೊ ಒಂದು ಅದನ್ನು ತನ್ನ ಪಾಡಿಗೆ ಪರಿವರ್ತಿಸಿತು. ಪ್ರಸಾರಕ್ಕೆ ಮುಂಚೆ ನೋಡಲು ಬಂದ ಪ್ರತಿಯನ್ನು ಕಂಡು ಮಗಳು ದೂರವಾಣಿಯಲ್ಲಿ ಅತ್ತರು. “ಮುಖ ಅಮ್ಮನದೇ, ಹಾಡು ಅಮ್ಮನದೇ. ದನಿ ಅಮ್ಮನದಲ್ಲ.” ಇನ್ನೊಮ್ಮೆ ಹಾಡಿಸೋಣವೆಂದರೆ ಆ ತಾಯಿ ಅಷ್ಟರಲ್ಲಿ ಕಾಲವಾಗಿದ್ದರು.

ಆಗಿದ್ದುದು ಇಷ್ಟೆ. 25 ಚಿತ್ರಗಳನ್ನು ಎಳೆದು ಸುಮಾರು 24ಕ್ಕೆ ನಿಧಾನಿಸಿ, ಆಮೇಲೆ ಅಮೆರಿಕದ ಲೆಕ್ಕಕ್ಕೆ ಕೂರಿಸುವ ಹಳೆಯ ಉಪಾಯವೊಂದಿದೆ. ಚಿತ್ರ ನಯವಾಗಿ ಓಡುತ್ತದೆ. ಆದರೆ ಅರ್ಧ ಗಂಟೆಗೆ ಒಂದೂಕಾಲು ನಿಮಿಷ ಹೆಚ್ಚುತ್ತದೆ, ಶ್ರುತಿ ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗೆ ಇಳಿಯುವ ದಾರಿಯಲ್ಲಿ ಮುಕ್ಕಾಲು ಪಾಲಿನಷ್ಟು ಕುಸಿಯುತ್ತದೆ. ಶ್ರುತಿಯನ್ನು ಯಂತ್ರದಿಂದ ಏರಿಸಬಹುದು. ಲಯ ಮಾತ್ರ ಜಗ್ಗಿದುದೇ. ಹೊರಗಿನವರಿಗೆ ಇದು ತಿಳಿಯದು. ಹೆತ್ತ ಮಗಳಿಗೆ ತಿಳಿಯದೆ ಇರುವುದೇ?

ಎರಡನೆಯ ದಾರಿ, ಐದು ಚಿತ್ರಗಳಿಗೊಮ್ಮೆ ಒಂದನ್ನು ಮತ್ತೆ ತೋರಿಸಿ ಆರು ಮಾಡುವುದು. ದನಿ ಕೆಡದು, ಆದರೆ ರಂಗೋಲಿ ಎಳೆಯುವ ಕೈ ಸೆಕೆಂಡಿಗೆ ಐದು ಬಾರಿ ತಡವರಿಸುತ್ತದೆ. ಮೂರನೆಯದು, ಚಲನೆಯನ್ನು ಅಳೆದು ನಡುವಿನ ಚಿತ್ರಗಳನ್ನು ಹೊಸದಾಗಿ ಕಟ್ಟುವುದು. ಅವಧಿಯೂ ದನಿಯೂ ಇದ್ದಂತೆ ಇರುತ್ತವೆ. ವೇಗವಾಗಿ ಆಡುವ ಬೆರಳ ಅಂಚು ಒಮ್ಮೊಮ್ಮೆ ಕರಗಿದಂತೆ ಕಾಣಬಹುದು. ಮೊದಲೇ 30ರ ಲೆಕ್ಕದಲ್ಲಿ ತೆಗೆಯಬಾರದೇ ಎಂದರೆ, ಅದೂ ಆದೀತು. ಆದರೆ ನಮ್ಮ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಮಿನುಗುವಂಥದು. ಕ್ಯಾಮೆರಾದ ಕಣ್ಣನ್ನು 1/50 ಅಥವಾ 1/100 ಸೆಕೆಂಡಿಗೆ ಇಡದೆ ಅಮೆರಿಕದ ರೂಢಿಯಂತೆ 1/60ಕ್ಕೆ ಇಟ್ಟರೆ ಕಲ್ಯಾಣಮಂಟಪದ ಬೆಳಕೆಲ್ಲ ನಡುಗುತ್ತದೆ.

ಪುಣ್ಯಕ್ಕೆ ಮೂಲಚಿತ್ರ ತಮ್ಮನ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಆ ರಾತ್ರಿ ನಾವಿಬ್ಬರೂ ಕೂತು ವಾಹಿನಿಗೇ ನೇರವಾಗಿ ಬರೆದೆವು. ಮೂರನೆಯ ಬಗೆಯ ಯಂತ್ರ ಅವರಲ್ಲೇ ಇತ್ತು. ಮೂಲವನ್ನೇ ಕಳಿಸಿ, ಒಮ್ಮೆ ಮಾತ್ರ ಪರಿವರ್ತಿಸುತ್ತೇವೆ ಎಂದರು. ಮಗಳಿಗಂತೂ ಮೂಲವನ್ನು ಹಾಗೆಯೇ ಕಳಿಸಿದೆವು. ಕಂಪ್ಯೂಟರಿಗೂ ಮೊಬೈಲಿಗೂ 25 ಆದರೇನು, 30 ಆದರೇನು? ಅವು ಭೇದ ಎಣಿಸುವುದಿಲ್ಲ. ಮನೆಮಂದಿ ನೋಡುವ ಪ್ರತಿಗೆ ಪರಿವರ್ತನೆಯೇ ಬೇಡ.

ಕಚೇರಿಯಲ್ಲಿ ಮೂಲ ಕಾಗದ ಬೇರೆ, ನಕಲು ಬೇರೆ. ನಕಲಿನ ನಕಲಿಗೆ ಯಾರೂ ಮೊಹರು ಒತ್ತುವುದಿಲ್ಲ. ಈಗ ತಮ್ಮ ಕೆಲಸ ಹಿಡಿಯುವ ಮುನ್ನ ನಾವು ಗಿರಾಕಿಗೆ ಕೇಳುವ ಪ್ರಶ್ನೆಗಳು ಮೂರು: ಸೆಕೆಂಡಿಗೆ ಎಷ್ಟು ಚಿತ್ರ ಬೇಕು? ಪರಿವರ್ತಿಸುವವರು ಯಾರು? ಯಾವ ಬಗೆಯಿಂದ? ಉತ್ತರ ಬರಹದಲ್ಲಿ ಬರಬೇಕು.

ವಾಚಕರ ಮನೆಗಳಲ್ಲೂ ಅಜ್ಜಿಯ ಹಾಡು, ತಂದೆಯ ಮಾತು ಎಲ್ಲೋ ಒಂದು ಕ್ಯಾಸೆಟ್ಟಿನಲ್ಲಿಯೋ ಮೊಬೈಲಿನಲ್ಲಿಯೋ ಇದ್ದೀತು. ಯಾವ ದೇಶಕ್ಕೆ ಬೇಕಾದರೂ ಕಳಿಸಿ. ಆ ದೇಶದ ಅಳತೆಗೆ ನಕಲನ್ನು ಹೊಂದಿಸಿ. ಮೂಲವನ್ನು ಮಾತ್ರ ಮುಟ್ಟದೆ ಇಡಿ. ಹಾಡಿದವರ ಶ್ರುತಿ ಎಷ್ಟಿತ್ತೆಂದು ನಾಳೆ ಮೊಮ್ಮಕ್ಕಳು ಕೇಳಿದರೆ ಸಾಕ್ಷಿ ಹೇಳುವುದು ಅದೊಂದೇ.